ಮಾಸ್ತಪ್ಪಣ್ಣನ ನ್ಯೂಟ್ರಲ್

ನಮ್ಮ ಅಡುಗೆಕೋಣೆಯ ಬಾಗಿಲ ಹಿಂದೆ, ಜರಡಿ ತೂಗುಹಾಕುವ ಮೊಳೆಯ ಪಕ್ಕದಲ್ಲಿ, ಒಂದು ಜೊತೆ ರಬ್ಬರ್ ಗ್ಲೌಸು ನೇತಾಡುತ್ತಿದೆ. ಕಿತ್ತಳೆ ಬಣ್ಣದ್ದು. ಹಾಕಿಕೊಂಡರೆ ಮೊಣಕೈ ಹತ್ತಿರ ಬರುವಷ್ಟು ಉದ್ದ, ಬೆರಳು ಮಡಚಲು ಬಾರದಷ್ಟು ದಪ್ಪ. ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. "ಇದೆಂತಕ್ಕೆ?" ಎಂದು ಕೇಳುತ್ತಾರೆ. "ಹಲಸಿನ ಹಣ್ಣು ಕೊಯ್ಯೂಕೆ" ಎನ್ನುತ್ತೇನೆ. ಸುಳ್ಳೇನಲ್ಲ. ಇದು ಬಂದ ಮೇಲೆ ನಮ್ಮ ಮನೆಯಲ್ಲಿ ಹಲಸಿನ ಮೇಣ ಯಾರ ಕೈಗೂ ಅಂಟಿಲ್ಲ, ತೆಂಗಿನೆಣ್ಣೆ ಸವರಿಕೊಳ್ಳುವ ಕೆಲಸವೂ ತಪ್ಪಿದೆ. ಆದರೆ ಅಂಚಿನಲ್ಲಿ ಸಾವಿರ ವೋಲ್ಟ್ ಎಂದು ಅಚ್ಚಾಗಿರುವುದನ್ನು ಓದಿದವರು ನನ್ನ ಮುಖವನ್ನೂ ಹಲಸಿನ ಹಣ್ಣನ್ನೂ ಒಮ್ಮೆ ಅನುಮಾನದಿಂದ ನೋಡುತ್ತಾರೆ.

ಇದನ್ನು ಕೊಟ್ಟು ಹೋದವನು ಭಟ್ಕಳದ ಇರ್ಫಾನ್. "ಟೀಚರ್, ಇದಕ್ಕೆ ವಯಸ್ಸಾಯ್ತು. ಇನ್ನು ಕರೆಂಟಿಗೆ ಇದನ್ನ ನಂಬೂಕೆ ಆಗೂದಿಲ್ಲ. ಹಲಸಿಗೆ ಬೇಕಾದ್ರೆ ನಂಬಿ" ಎಂದು ಮೇಜಿನ ಮೇಲಿಟ್ಟು ಹೋದ. ವಯಸ್ಸಾದವರನ್ನು ಯಾವುದಕ್ಕೆ ನಂಬಬೇಕು, ಯಾವುದಕ್ಕೆ ನಂಬಬಾರದು ಎನ್ನುವ ವಿಷಯದಲ್ಲಿ ಆತನಿಗೆ ತನ್ನದೇ ಆದ ಲೆಕ್ಕವಿದೆ. ಅದನ್ನು ನಾನು ಕಂಡದ್ದು ನಮ್ಮ ಕಾರು ಸತ್ತಾಗ.

ಕಾರಿನ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅದು ಕುಮಟೆಯ ಡಾಕ್ಟರೊಬ್ಬರದು. ಅವರು ಹೊಸ ಕಾರು ತೆಗೆದುಕೊಂಡಾಗ ಇದನ್ನು ಕೊಳ್ಳುವವರೇ ಇರಲಿಲ್ಲ. ಏಕೆಂದರೆ ಅದು ಹೈಬ್ರಿಡ್. ಅದಕ್ಕೆ ಪೆಟ್ರೋಲೂ ಬೇಕು, ಒಳಗೊಂದು ಕರೆಂಟಿನ ಮೋಟಾರೂ ಇದೆ. ಹೊಟ್ಟೆಯಲ್ಲಿ ಎರಡೆರಡು ಬ್ಯಾಟರಿ. ಎರಡು ಹೆಂಡಿರ ಗಂಡನ ಹಾಗೆ, ಯಾವ ಹೊತ್ತಿಗೆ ಯಾರ ಮಾತು ಕೇಳುತ್ತದೋ ಹೇಳಲಿಕ್ಕೆ ಬಾರದು ಎಂದು ಊರಿನವರು ದೂರ ನಿಂತರು. ನಾನು ಮಾತ್ರ ಮರುಳಾದೆ. ಹೊರಡುವಾಗ ಅದು ಸದ್ದೇ ಮಾಡುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಇಡೀ ಆಯುಷ್ಯವನ್ನು ಎಂಟನೇ ತರಗತಿಯ ಗದ್ದಲದಲ್ಲಿ ಕಳೆದವಳಿಗೆ, ಗುಂಡಿ ಒತ್ತಿದರೆ ಬಾಯಿಮುಚ್ಚಿ ಹೇಳಿದ ಕೆಲಸ ಮಾಡುವ ಜೀವವೊಂದು ಸಿಕ್ಕರೆ ಬಿಡುವುದುಂಟೆ? ನಮ್ಮ ಮನೆಯವರು ತಲೆ ಚಚ್ಚಿಕೊಂಡರು. ಅವರು ಸ್ಟೇರಿಂಗ್ ಮುಟ್ಟುವುದಿಲ್ಲ. ಮುಟ್ಟುವವರಿಗೆ ಬುದ್ಧಿ ಹೇಳುವುದನ್ನು ಬಿಡುವುದೂ ಇಲ್ಲ.

ನನಗೆ ಕಾರು ಕಲಿಸಿದವರು ಮಾಸ್ತಪ್ಪಣ್ಣ. ಕರ್ಕಿಯಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲಿ ಅವರ ಮನೆ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತರಾದವರು. ನಾನು ಅವರನ್ನು ಕಂಡದ್ದು ಮಾತ್ರ ಕರ್ಕಿಗೆ ಮದುವೆಯಾಗಿ ಬರುವುದಕ್ಕೂ ಎಷ್ಟೋ ಮೊದಲು. ನಾನು ಮಂಕಿಯವಳು. ಅಲ್ಲಿಂದ ಹೊನ್ನಾವರದ ಹೈಸ್ಕೂಲಿಗೆ ನಾವು ಮಕ್ಕಳೆಲ್ಲ ಹೋಗುತ್ತಿದ್ದ ಬೆಳಗಿನ ಬಸ್ಸು ಅವರದು. ಆಗಿನ ಬಸ್ಸುಗಳಲ್ಲಿ ಇಂಜಿನ್ನು ಡ್ರೈವರ ಪಕ್ಕದಲ್ಲೇ, ಒಳಗೇ ಇರುತ್ತಿತ್ತು. ಅದರ ಮೇಲಿನ ಮುಚ್ಚಳಕ್ಕೆ ಬಾನೆಟ್ ಎನ್ನುತ್ತಿದ್ದೆವು. ಅದು ನಮ್ಮ ಸಿಂಹಾಸನ. ಬೇಸಿಗೆಯಲ್ಲಿ ಕುಳಿತರೆ ದೋಸೆ ಕಾವಲಿ. ಮಳೆಗಾಲದಲ್ಲಿ ಮಾತ್ರ ಸ್ವರ್ಗ! ಮಂಕಿಯಲ್ಲಿ ಒದ್ದೆಯಾದ ಲಂಗದ ಅಂಚು ಶರಾವತಿಯ ಸೇತುವೆ ಬರುವಷ್ಟರಲ್ಲಿ ಗರಿಗರಿಯಾಗಿ ಒಣಗುತ್ತಿತ್ತು. ಬಸ್ಸಿನ ಮೇಲೆ ಮೀನಿನ ಬುಟ್ಟಿ, ಒಳಗೆ ಒದ್ದೆ ಕೊಡೆ, ಬಾನೆಟ್ಟಿನ ಡೀಸೆಲ್ ವಾಸನೆ. ಈಗಲೂ ಎಲ್ಲಾದರೂ ಡೀಸೆಲ್ ವಾಸನೆ ಬಂದರೆ ನನಗೆ ಬೀಜಗಣಿತದ ಪರೀಕ್ಷೆ ನೆನಪಾಗುತ್ತದೆ.

ಮಾಸ್ತಪ್ಪಣ್ಣ ಬಸ್ಸು ಸ್ಟಾರ್ಟ್ ಮಾಡುವುದನ್ನು ನೋಡುವುದೇ ನಮಗೊಂದು ಆಟ. ಸೀಟಿನಲ್ಲಿ ಕುಳಿತವರೇ ಉದ್ದನೆಯ ಗೇರ್ ಕೋಲನ್ನು ಹಿಡಿದು ಎಡಕ್ಕೆ ಬಲಕ್ಕೆ ಲಟಪಟ ಅಲ್ಲಾಡಿಸುತ್ತಿದ್ದರು. ಅದು ಸಡಿಲವಾಗಿ ಅಲ್ಲಾಡಿದರೆ ನ್ಯೂಟ್ರಲ್. ನ್ಯೂಟ್ರಲ್ ಆದ ಮೇಲೆ ಕೀ. ನಿಂತಾಗಲೂ ಹಾಗೆಯೇ, ಮೊದಲು ನ್ಯೂಟ್ರಲ್, ಆಮೇಲೆ ಉಳಿದದ್ದು. ಮನೆಯಲ್ಲಿ ನಾವು ಬಸ್ಸಿನ ಆಟ ಆಡುವಾಗ ಕೊಡೆಯನ್ನು ನೆಲಕ್ಕೆ ಊರಿ, ಹಿಡಿಕೆ ಅಲ್ಲಾಡಿಸಿ, "ನ್ಯೂಟ್ರಲ್!" ಎಂದು ಕೂಗದೆ ಯಾರೂ ಬಸ್ಸು ಬಿಡುವ ಹಾಗಿರಲಿಲ್ಲ.

ಅದು ಬರಿಯ ರೂಢಿಯಲ್ಲ ಎಂದು ಗೊತ್ತಾದದ್ದು ನಾನು ಐವತ್ತರ ಹತ್ತಿರ ಬಂದು ಅವರಿಂದ ಕಾರು ಕಲಿಯುವಾಗ. ಅವರ ಸೋದರಮಾವನ ಮಗ ಒಂದು ಲಾರಿಯ ಕ್ಲೀನರ್ ಆಗಿದ್ದನಂತೆ. ಲಾರಿಯ ಮುಂದೆ ನಿಂತು ಗಾಜು ಒರೆಸುತ್ತಿದ್ದಾಗ ಯಾರೋ ಒಳಗೆ ಕುಳಿತು, ಗೇರಿನಲ್ಲಿದೆ ಎಂದು ನೋಡದೆ ಕೀ ತಿರುಗಿಸಿದರು. ಲಾರಿ ಜಿಗಿಯಿತು. ಹುಡುಗನ ಕಾಲು ಹೋಯಿತು. "ಅಕ್ಕೋರೆ, ಅವ್ನ ಕೂಗು ಈಗ್ಲೂ ನನ್ನ ಕಿವೀಲಿ ಅದೆ. ನೀವು ಗೇರ್ ಹಾಕೂಕೆ ಕಲೀದಿದ್ರೂ ಅಡ್ಡಿಲ್ಲ, ನ್ಯೂಟ್ರಲ್ ಮಾಡೂಕೆ ಕಲೀರಿ" ಎಂದಿದ್ದರು. ನಾನು ಟೀಚರ್ ಆದ ದಿನದಿಂದ ಅವರಿಗೆ 'ಅಕ್ಕೋರು'. ಅದಕ್ಕೂ ಮುಂಚೆ 'ಏ ಎರಡು ಜಡೆ, ಸರ್ದು ಕೂಕೊ' ಆಗಿದ್ದೆ.

ನಾನು ಗೇರ್ ಹಾಕುವುದನ್ನು ಚೆನ್ನಾಗಿ ಕಲಿಯಲೇ ಇಲ್ಲ ಎನ್ನುವುದು ಬೇರೆ ವಿಚಾರ. ಅದಕ್ಕೇ ಈ ಹೈಬ್ರಿಡ್ ನನಗೆ ಹಿಡಿಸಿದ್ದು. ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ. ಮಾಸ್ತಪ್ಪಣ್ಣ ಅದನ್ನು ಮೊದಲ ಸಲ ನೋಡಿದಾಗ ಸುತ್ತ ಒಂದು ಪ್ರದಕ್ಷಿಣೆ ಬಂದು, "ಕ್ಲಚ್ಚಿಲ್ಲದ ಗಾಡಿ ಅಂದ್ರೆ ಉಪ್ಪಿಲ್ಲದ ಗಂಜಿ" ಎಂದರು. ಆದರೂ ಅದನ್ನು ಓಡಿಸುವುದೆಂದರೆ ಅವರಿಗೆ ಒಳಗೊಳಗೇ ಖುಷಿ. ಕುಮಟೆಗೆ ಮದುವೆ ಮನೆಗೆ, ಸಂತೆಗುಳಿಯ ನೆಂಟರ ಮನೆಗೆ, ಊರಿನ ಯಾರಿಗಾದರೂ ಉಸಿರು ಕಟ್ಟಿದರೆ ಆಸ್ಪತ್ರೆಗೆ, ಎಲ್ಲಕ್ಕೂ ಅವರೇ ಬೇಕು.

ನಮ್ಮ ಕಡೆ ಮಳೆಗಾಲದಲ್ಲಿ ಮನೆ ಬಿಟ್ಟು ಹೋಗುವವರು ನೆರೆಮನೆಗೆ ಮೂರು ಕೆಲಸ ಒಪ್ಪಿಸಿ ಹೋಗುತ್ತಾರೆ. ದೇವರಿಗೆ ಒಂದು ದೀಪ, ಬೆಕ್ಕಿಗೆ ಒಂದು ಹಿಡಿ ಅನ್ನ, ಗಾಡಿಗೆ ವಾರಕ್ಕೊಂದು ಸ್ಟಾರ್ಟ್. ಹೋದ ವರ್ಷ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಹುಬ್ಬಳ್ಳಿಗೆ ಹೊರಟಾಗ ನಾನೂ ಕಾರಿನ ಕೀಯನ್ನು ಮಾಸ್ತಪ್ಪಣ್ಣನ ಕೈಗಿಟ್ಟೆ. "ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಡಿ ಮಾಸ್ತಪ್ಪಣ್ಣ. ಸದ್ದು ಬರದಿದ್ದರೆ ಗಾಬರಿ ಬೀಳ್ಬೇಡಿ. ಅದು ಹಾಗೆಯೇ" ಎಂದೆ. ಅವರು ಕೀಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು, ಪ್ರಸಾದ ತೆಗೆದುಕೊಂಡ ಹಾಗೆ.

ಆಮೇಲೆ ನಡೆದದ್ದನ್ನು ನನಗೆ ಹೇಳಿದವರು ಅವರ ಹೆಂಡತಿ ಮಾದೇವಿಯಕ್ಕ. ಪ್ರತಿ ವಾರ ಮಾಸ್ತಪ್ಪಣ್ಣ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ನಮ್ಮ ಮನೆಗೆ ಬರುತ್ತಿದ್ದರಂತೆ. ಕಾಲು ತೊಳೆದು ಒಳಗೆ ಕುಳಿತುಕೊಳ್ಳುವುದು. ಗುಂಡಿ ಒತ್ತುವುದು. ಕೂಡಲೇ ನ್ಯೂಟ್ರಲ್. ಮಳೆಗಾಲವಲ್ಲವೇ, ಸೀಟಿಗೆ ಬೂಷ್ಟು ಹಿಡಿಯಬಾರದೆಂದು ಏಸಿಯನ್ನು ಜೋರಾಗಿ ಹಾಕುವುದು. ಸ್ಟೇರಿಂಗಿನ ಮುಂದಿನ ಮೀಟರ್ ಪರದೆ ಸುಮ್ಮನೆ ಉರಿದು ಹಾಳಾಗುತ್ತದೆಂದು ಹೆಗಲ ಮೇಲಿನ ಬೈರಾಸನ್ನು ಅದಕ್ಕೆ ಹೊದಿಸುವುದು. ಮತ್ತೆ ಕರ್ಕಿಯವರಲ್ಲವೇ, ಯಕ್ಷಗಾನ ರಕ್ತದಲ್ಲೇ ಇದೆ. ನನ್ನ ಹತ್ತಿರವಿದ್ದ ತಾಳಮದ್ದಳೆಯ ಸಿ.ಡಿ. ಹಾಕಿ ಕಣ್ಣು ಮುಚ್ಚಿ ಕೇಳುವುದು. ಆ ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಹೊಡೆದಾಟಕ್ಕೆ ನಿಂತವರಂತೆ ವಾದ ಮಾಡುತ್ತಾರೆ. ಅದರ ನಡುವೆ ಪಾಪದ ಕಾರು ಪೀಂ ಪೀಂ ಎಂದು ಅತ್ತರೆ ಯಾರಿಗೆ ಕೇಳಬೇಕು? ಇಂಜಿನ್ನಿನ ಸದ್ದು ಇಲ್ಲವಲ್ಲ ಎಂದು ಅವರಿಗೆ ಅನುಮಾನವೂ ಬರಲಿಲ್ಲ. ಸದ್ದು ಬಾರದಿದ್ದರೆ ಗಾಬರಿ ಬೀಳಬೇಡಿ ಎಂದು ಅಕ್ಕೋರೇ ಹೇಳಿಹೋಗಿದ್ದರು.

ಒಂದು ದಿನ ಗುಂಡಿ ಒತ್ತಿದರೆ ಕಾರು ಏಳಲಿಲ್ಲ. ಆ ಗಳಿಗೆಯಲ್ಲೇ ನನಗೆ ಫೋನ್ ಬಂತು.

"ಅಕ್ಕೋರೆ, ಗಾಡಿ ಹೋತು. ನನ್ನ ಕೈಯಲ್ಲೇ ಹೋತು."

"ಎಂತ ಆತು ಮಾಸ್ತಪ್ಪಣ್ಣ? ಬ್ಯಾಟರಿ ಇಳಿದಿರಬಹುದು, ಬಿಡಿ."

"ಅದೆಲ್ಲ ನಂಗೊತ್ತಿಲ್ಲ. ಹೋದ ವಾರ ಇತ್ತು, ಈಗ ಇಲ್ಲ. ನಡುವೆ ಕೂತವ ನಾನೊಬ್ನೇ. ಅದ್ಕೆ ಮೊದ್ಲು ನಿಮ್ಗೆ ಹೇಳ್ದೆ." ಫೋನು ಇಟ್ಟುಬಿಟ್ಟರು.

ಹುಬ್ಬಳ್ಳಿಯಿಂದಲೇ ಗ್ಯಾರೇಜಿಗೆ ಹೇಳಿ ಜನ ಕಳಿಸಿದೆ. ಬೇರೆ ಕಾರಿನ ಬ್ಯಾಟರಿಯಿಂದ ತಂತಿ ಹಾಕಿದರಂತೆ. ದೀಪ ಹತ್ತಿತು, ಹಾರ್ನ್ ಕೂಗಿತು, ಇಂಜಿನ್ನು ಮಾತ್ರ ಕಿಮಕ್ಕೆನ್ನಲಿಲ್ಲ. ಸಾಯಲಿ ಎಂದು ಮಗಳ ಅತ್ತೆಯ ಕೈಗೆ ಮಗುವಿನ ಎಣ್ಣೆನೀರು ಒಪ್ಪಿಸಿ ನಾವು ಊರಿಗೆ ಬಂದೆವು. ಹೊನ್ನಾವರದಿಂದ ಒಬ್ಬರು, ಕುಮಟೆಯಿಂದ ಇನ್ನೊಬ್ಬರು ಬಂದು ನೋಡಿದರು. ಇಬ್ಬರದೂ ಒಂದೇ ಮಾತು: ಸಣ್ಣ ಬ್ಯಾಟರಿ ಅಲ್ಲ, ಹಿಂದಿನ ಸೀಟಿನ ಬೆನ್ನಿಗಿರುವ ದೊಡ್ಡದು ಖಾಲಿಯಾಗಿದೆ. ಅದರಲ್ಲಿರುವುದು ಮನೆಯ ಕರೆಂಟಿನಷ್ಟೇ ಜೋರಿನ ವಿದ್ಯುತ್ತು, ಕೈ ಹಾಕಿದರೆ ಬದುಕುವುದಿಲ್ಲ, ನಾವಂತೂ ಮುಟ್ಟುವುದಿಲ್ಲ. ಈ ಮಾದರಿಗೆ ಹೊಸತೂ ಈಗ ಬರುವುದಿಲ್ಲ. ನಮ್ಮ ಮನೆಯವರು ಸಂಜೆಯೊಳಗೆ ಗುಜರಿಯವನ ನಂಬರು ಹುಡುಕಿಟ್ಟರು.

ನನಗೆ ಕಾರಿನದು ಅಷ್ಟು ಚಿಂತೆಯಾಗಲಿಲ್ಲ. ಚಿಂತೆಯಾದದ್ದು ಮಾಸ್ತಪ್ಪಣ್ಣನದು. ನಾವು ಬಂದ ದಿನವೇ ಮಾದೇವಿಯಕ್ಕ ಕೀಯನ್ನು ಕರವಸ್ತ್ರದಲ್ಲಿ ಸುತ್ತಿ ತಂದುಕೊಟ್ಟರು. ಅವರು ಬರಲಿಲ್ಲ. ಚಹಾದಂಗಡಿಯಲ್ಲಿ ಹಳೆಯ ಡ್ರೈವರುಗಳ ಒಂದು ಗುಂಪು ಕೂರುತ್ತದೆ. ಅಲ್ಲಿ ಯಾರೋ ತಮಾಷೆಗೆ, "ಓಡುವ ಬಸ್ಸಿಗೆ ಜೀವಮಾನದಲ್ಲಿ ಒಂದು ಗೀರು ಬೀಳಿಸ್ದವ ಅಲ್ಲ ಇಂವ. ನಿಂತ ಕಾರನ್ನ ಕೊಂದ" ಎಂದರಂತೆ. ಮಾಸ್ತಪ್ಪಣ್ಣ ಅರ್ಧ ಲೋಟ ಚಹಾ ಬಿಟ್ಟು ಎದ್ದು ಬಂದವರು ಮತ್ತೆ ಆ ಕಡೆ ಹೋಗಲಿಲ್ಲ. ಪಕ್ಕದ ಕೇರಿಯವರು ಹೆರಿಗೆ ನೋವಿನ ಸೊಸೆಯನ್ನು ಕರೆದೊಯ್ಯಲು ಕರೆಯಬಂದಾಗ, ತಮ್ಮ ಕೈ ಸರಿಯಿಲ್ಲ ಎಂದು ಬೇರೆಯವರನ್ನು ತೋರಿಸಿದರು. ನಾನು ಹೋಗಿ ಜಗಲಿಯಲ್ಲಿ ಕುಳಿತೆ. "ಮಿಷನ್ ಅಲ್ವಾ ಮಾಸ್ತಪ್ಪಣ್ಣ, ಹಳತಾಯ್ತು, ಹೋಯ್ತು" ಎಂದೆ.

"ಹಳತಾಗಿ ಹೋಗೂದು ಬೇರೆ, ಕಾಯೂಕೆ ಕೊಟ್ಟವನ ಕೈಯಲ್ಲಿ ಹೋಗೂದು ಬೇರೆ" ಎಂದರು. "ನಾ ಎಂತ ಮಾಡ್ದೆ ಅಂತ ಗೊತ್ತಾಗಿದ್ರೆ ಬೇಜಾರಿರ್ಲಿಲ್ಲ. ಗೊತ್ತಿಲ್ದೇ ಕೊಂದೆ ಅಲ್ದಾ? ಇನ್ನು ಯಾರ ಗಾಡಿಗೂ ಕೈ ಹಚ್ಚೂದಿಲ್ಲ."

ಅವರ ಕೈ ಮೊಣಕಾಲ ಮೇಲಿತ್ತು. ನಾವು ಹತ್ತಾರು ಮಕ್ಕಳನ್ನು ವರ್ಷಗಟ್ಟಲೆ ಸೇತುವೆ ದಾಟಿಸಿದ ಕೈ ಅದು. ಗುಜರಿಯವನಿಗೆ ಕೊಟ್ಟರೆ ಕಾರಿನ ಜೊತೆ ಇವರೂ ಹೋಗುತ್ತಾರೆ ಎನ್ನಿಸಿತು.

ಇರ್ಫಾನನ ಹೆಸರು ಸಿಕ್ಕಿದ್ದು ಭಟ್ಕಳದ ಬಟ್ಟೆಯಂಗಡಿಯಲ್ಲಿ. ಮೊಮ್ಮಗಳಿಗೆ ಅಂಗಿ ಕೊಳ್ಳುತ್ತ ಅಂಗಡಿಯವರ ಹತ್ತಿರ ದುಃಖ ತೋಡಿಕೊಂಡೆ. ದುಬೈಯಲ್ಲಿ ಇಂಥ ಕಾರುಗಳ ಟ್ಯಾಕ್ಸಿಯನ್ನು ರಿಪೇರಿ ಮಾಡುತ್ತಿದ್ದ ತಮ್ಮ ಸಂಬಂಧಿಯೊಬ್ಬ ಊರಿಗೆ ಬಂದು ನೆಲೆಸಿದ್ದಾನೆ ಎಂದರು. ಮರುದಿನವೇ ಆತ ಬಂದಿಳಿದ. ನಲವತ್ತರ ಆಸುಪಾಸು, ಅತ್ತರಿನ ಪರಿಮಳ, ಇಸ್ತ್ರಿ ಮಾಡಿದ ಅಂಗಿ. ಮೆಕ್ಯಾನಿಕ್ ಎಂದರೆ ಯಾರೂ ನಂಬಲಾರರು. ಬಾಯಿಯಂತೂ ಅರಳು ಹುರಿದ ಹಾಗೆ. ವಿನಯ ಎನ್ನುವುದು ಆತನ ಹತ್ತಿರ ಸುಳಿದಿರಲಿಲ್ಲ.

"ಅರೇ ಟೀಚರ್, ಟೆನ್ಷನ್ ಎಂತಕ್ಕೆ? ಇದು ಸತ್ತಿಲ್ಲ, ಬೇಹೋಶ್. ಎಬ್ಬಿಸೂಕೆ ನಾನಿದ್ದೇನಲ್ಲ. ದುಬೈಲಿ ನನ್ನ ಅರಬಿ ಸೇಠ್ ಹೇಳ್ತಿದ್ದ, ಇರ್ಫಾನ್ ಬ್ಯಾಟರಿ ಮುಟ್ಟಿದ್ರೆ ಬ್ಯಾಟರಿಗೇ ಶಾಕ್ ಹೊಡೀತದೆ ಅಂತ."

ನಾನು ಅನುಮಾನದಿಂದಲೇ ನೋಡುತ್ತ ನಿಂತೆ. ಆದರೆ ಕೆಲಸಕ್ಕೆ ಕೈ ಹಚ್ಚಿದ್ದೇ ಆತ ಬೇರೆಯೇ ಮನುಷ್ಯನಾದ. ಮೊದಲು ಸಣ್ಣ ಬ್ಯಾಟರಿಯ ತಂತಿ ಕಳಚಿದ. ಈ ಗ್ಲೌಸನ್ನು ಊದಿ, ಬೆರಳಲ್ಲಿ ತೂತಿಲ್ಲವೆಂದು ನೋಡಿ, ಹಾಕಿಕೊಂಡು, ಡಿಕ್ಕಿಯೊಳಗಿಂದ ಕಿತ್ತಳೆ ಬಣ್ಣದ ಒಂದು ಪ್ಲಗ್ ಎಳೆದು ತೆಗೆದ. ಅದನ್ನು ತೆಗೆದರೆ ದೊಡ್ಡ ಬ್ಯಾಟರಿಯ ದಾರಿ ನಡುವೆ ತುಂಡಾಗುತ್ತದಂತೆ. ಅದನ್ನು ಅಲ್ಲೇ ಇಡದೆ ತನ್ನ ಪ್ಯಾಂಟಿನ ಜೇಬಿಗೆ ಹಾಕಿಕೊಂಡ. "ಯಾರೋ ಬಂದು, ಇದೊಂದು ಬಿದ್ದಿದೆ ಅಂತ ಒಳ್ಳೇ ಮನಸ್ಸಲ್ಲಿ ಸಿಕ್ಕಿಸಿಬಿಟ್ರೆ ನನ್ನ ಕಥೆ ಖತಂ. ಒಳ್ಳೇ ಮನಸ್ಸಿನೋರಿಂದ್ಲೇ ಹೆಚ್ಚು ಅಪಘಾತ ಆಗೂದು ಟೀಚರ್." ಆಮೇಲೆ ಒಳಗಿನ ಶೇಷ ಕರೆಂಟು ಇಳಿಯಲಿ ಎಂದು ಏನೂ ಮಾಡದೆ ಕಾದ. ಅಷ್ಟು ಮಾತಿನ ಮನುಷ್ಯ ಅಷ್ಟು ಹೊತ್ತು ಸುಮ್ಮನೆ ಕುಳಿತದ್ದು ಕಂಡು ನನಗೆ ಮೊದಲ ಬಾರಿ ನಂಬಿಕೆ ಬಂತು.

ಹಿಂದಿನ ಸೀಟು ಬಿಚ್ಚಿ, ಪೆಟ್ಟಿಗೆ ಹೊರತೆಗೆದು, ನಮ್ಮ ಚಾವಡಿಯಲ್ಲಿ ಒಣ ಹಲಗೆಯ ಮೇಲಿಟ್ಟು ಮುಚ್ಚಳ ತೆಗೆದ. ಸಾಲಾಗಿ ಒತ್ತೊತ್ತಾಗಿ ನಿಲ್ಲಿಸಿದ ಬಿಸ್ಕಿಟ್ ಪೊಟ್ಟಣಗಳು! ಅಷ್ಟೇ. ಇಷ್ಟಕ್ಕೆ ಊರೆಲ್ಲ ಹೆದರಿತ್ತೇ ಎನ್ನಿಸಿತು. ಕಾರಿನ ಸಮಸ್ಯೆಯನ್ನು ಆತನೇ ನನಗೆ ಬಿಡಿಸಿ ಹೇಳಿದ್ದು. ಈ ಜಾತಿಯ ಕಾರಿನಲ್ಲಿ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ದೊಡ್ಡ ಬ್ಯಾಟರಿ. ದೊಡ್ಡ ಬ್ಯಾಟರಿಗೆ ಚಾರ್ಜ್ ತುಂಬುವುದು ಇಂಜಿನ್ನು. ಬ್ಯಾಟರಿ ಪೂರ್ತಿ ಬರಿದಾದರೆ ಇಂಜಿನ್ನು ಏಳದು, ಇಂಜಿನ್ನು ಏಳದೆ ಬ್ಯಾಟರಿ ತುಂಬದು. ಆದ್ದರಿಂದ ಹೊರಗಿನಿಂದ ಯಾರಾದರೂ ಮೊದಲು ಒಂದಿಷ್ಟು ಕರೆಂಟನ್ನು ಸಾಲ ಕೊಡಬೇಕು.

ನನಗೆ ಮಂಕಿಯ ನಮ್ಮ ಮನೆಯ ಒಲೆ ನೆನಪಾಯಿತು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ತಂಪು ಹಿಡಿದು ಗೀರಿದರೆ ಮದ್ದು ಉದುರುತ್ತಿತ್ತೇ ಹೊರತು ಹತ್ತುತ್ತಿರಲಿಲ್ಲ. ಅದಕ್ಕೇ ಬೂದಿಯ ಅಡಿಯಲ್ಲಿ ಕೆಂಡ ಮುಚ್ಚಿಡುವುದು. ಎಂದಾದರೂ ಅದೂ ಆರಿದರೆ ಅಮ್ಮ ನನ್ನ ಕೈಗೊಂದು ತೆಂಗಿನ ಗೆರಟೆ ಕೊಟ್ಟು ಆಚೆಮನೆಗೆ ಓಡಿಸುತ್ತಿದ್ದಳು. ಆಚೆಮನೆಯ ಕೊಂಕಣಿ ಅಜ್ಜಿ ಎರಡು ಕೆಂಡ ಹಾಕಿ, ಮೇಲೆ ಸ್ವಲ್ಪ ಬೂದಿ ಉದುರಿಸಿ, "ಸಾವಕಾಶ್ ವೊಚ್ಚೆ" ಎಂದು ಕಳಿಸುತ್ತಿದ್ದಳು. ನಾನು ಸಾವಕಾಶ ಹೋಗುವವಳಲ್ಲ. ಓಡಿದರೆ ಗಾಳಿಗೆ ಕೆಂಡ ಚೆನ್ನಾಗಿ ಕೆಂಪಾಗುತ್ತದೆಂದು ನನ್ನ ವಿಜ್ಞಾನ. ಒಮ್ಮೆ ಗೆರಟೆಯೇ ಹೊತ್ತಿಕೊಂಡು, ಕೈಬಿಟ್ಟು, ಕೆಸರಲ್ಲಿ ಚುಂಯ್ ಎಂದು ಆರಿಸಿ, ಮತ್ತೆ ಅಜ್ಜಿಯ ಬಾಗಿಲಲ್ಲಿ ನಿಂತದ್ದುಂಟು.

ಇರ್ಫಾನ್ ನನ್ನ ಹಾಗೆ ಓಡಲಿಲ್ಲ. ಪ್ರತಿ ಪೊಟ್ಟಣಕ್ಕೂ ಮೀಟರ್ ಹಿಡಿದು ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಒಂದೆರಡು ಪೂರ್ತಿ ಕೈಬಿಟ್ಟಿದ್ದವು. ಅವಕ್ಕೆ ಬದಲಿ ತನ್ನ ಹಳೆಯ ದಾಸ್ತಾನಿನಿಂದ ತಂದ. ಉಳಿದವಕ್ಕೆ ಸಣ್ಣ ಚಾರ್ಜರಿನಿಂದ, ಹಸುಳೆಗೆ ಒಳಲೆಯಲ್ಲಿ ಹಾಲು ಬಿಡುವಷ್ಟು ನಿಧಾನವಾಗಿ ಕರೆಂಟು ಕೊಟ್ಟ. ಪಕ್ಕದಲ್ಲೇ ಫ್ಯಾನು. ಆಗಾಗ ಅಂಗೈ ಹಿಂಬದಿಯಿಂದ ಬಿಸಿ ನೋಡುವುದು. ತಡವಾಯಿತೆಂದು ನಮ್ಮ ಮನೆಯವರು ಚಡಪಡಿಸಿದರೆ, "ಸಾಹೇಬ್ರೇ, ಉಪವಾಸ ಬಿಟ್ಟವನಿಗೆ ಮೊದ್ಲೇ ಬಿರಿಯಾನಿ ಕೊಡ್ತಾರಾ? ಖರ್ಜೂರ, ನೀರು, ಆಮೇಲೆ ಊಟ" ಎನ್ನುವನು. ಕೊನೆಗೆ ಎಲ್ಲವನ್ನೂ ಒಂದಕ್ಕೊಂದು ಜೋಡಿಸಿ ಸುಮ್ಮನೆ ಬಿಟ್ಟ. ಹೆಚ್ಚಿದ್ದದ್ದು ಕಡಿಮೆ ಇದ್ದದ್ದಕ್ಕೆ ತಾನಾಗಿ ಕೊಟ್ಟು ಎಲ್ಲವೂ ಸಮಕ್ಕೆ ಬರುತ್ತವಂತೆ. ನಾನು ಇಷ್ಟು ವರ್ಷ ಸರಾಸರಿ ಕಲಿಸಿದ್ದೇನೆ. ಅದು ಅಷ್ಟು ಚಂದದ ಸಂಗತಿ ಎಂದು ಆವತ್ತೇ ನನಗೆ ತಿಳಿದದ್ದು.

ಪೊಟ್ಟಣಗಳನ್ನು ಜೋಡಿ ಮಾಡುವ ತಾಮ್ರದ ಪಟ್ಟಿಗಳು ನಮ್ಮ ಉಪ್ಪು ಗಾಳಿಗೆ ಹಸಿರುಗಟ್ಟಿದ್ದವು. ಅವನ್ನು ಬಿಚ್ಚಿ ಇರ್ಫಾನ್ ಯಾವುದೋ ದ್ರಾವಣ ಹುಡುಕುತ್ತಿದ್ದಾಗ, ಗಂಡನ ಬದಲು ದಿನವೂ ಬಂದು ಕಂಬಕ್ಕೊರಗಿ ನೋಡುತ್ತಿದ್ದ ಮಾದೇವಿಯಕ್ಕ, "ತಾಮ್ರ ಅಲ್ದಾ? ಇತ್ಲಾಗೆ ಕೊಡಿ" ಎಂದು ಸೆರಗು ಸಿಕ್ಕಿಸಿದರು. ಮುರುಗಲ ಸಿಪ್ಪೆ ನೆನೆಹಾಕಿ, ದೇವರ ಪಾತ್ರೆ ತಿಕ್ಕುವ ಹಾಗೆ ತಿಕ್ಕಿ, ತೊಳೆದು, ಒರೆಸಿ, ಬಿಸಿಲಿಗಿಟ್ಟರು. ಪಟ್ಟಿಗಳು ಹೊಸ ಬಳೆಯಂತೆ ಹೊಳೆದವು. ಇರ್ಫಾನ್ ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಮಾಶಾ ಅಲ್ಲಾ! ಅಕ್ಕಾ, ನಮ್ಮ ಮೀನು ಸಾರಿಗೆ ಹಾಕುವ ಹುಳೀಲಿ ಇದೂ ಆಗ್ತದಾ?" ಎಂದ. ತನ್ನನ್ನು ಬಿಟ್ಟು ಬೇರೆಯವರನ್ನು ಆತ ಹೊಗಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಎಲ್ಲ ಸಿದ್ಧವಾದ ಮೇಲೂ ಆತ ಪೆಟ್ಟಿಗೆ ಮುಚ್ಚಲಿಲ್ಲ. "ಕಾಯಿಲೆ ಎಲ್ಲಿಂದ ಬಂತು ಗೊತ್ತಾಗದೆ ನಾನು ಡಿಸ್ಚಾರ್ಜ್ ಮಾಡೂದಿಲ್ಲ. ಗಾಡಿಲಿ ಕೂತವ್ರು ಯಾರು? ಅವ್ರನ್ನ ಕರೀರಿ."

ಆತನನ್ನು ಪಕ್ಕಕ್ಕೆ ಕರೆದು ಮಾಸ್ತಪ್ಪಣ್ಣನ ವಿಷಯ ಹೇಳಿದೆ. "ಕಾರಣ ಏನೇ ಇರಲಿ ಇರ್ಫಾನ್ ಭಾಯಿ, ಬ್ಯಾಟರಿಗೆ ವಯಸ್ಸಾಗಿತ್ತು ಅಂತ ಹೇಳಿಬಿಡಿ. ಅವರ ಮನಸ್ಸಿಗೆ ಸಮಾಧಾನ ಆಗ್ತದೆ" ಎಂದೆ. ಆತ ತಲೆ ಆಡಿಸಿದ. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ.

ಮಾದೇವಿಯಕ್ಕ ಹೋಗಿ ಏನು ಹೇಳಿದರೋ, ಮಾಸ್ತಪ್ಪಣ್ಣ ಬಂದರು. ಅಂಗಳದ ಬೇಲಿಯ ದಣಪೆಯ ಹತ್ತಿರವೇ ನಿಂತರು. ಇರ್ಫಾನ್ ಅವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಚಾಚಾ, ವಾರ ವಾರ ಎಂತ ಮಾಡ್ತಿದ್ರಿ ತೋರಿಸಿ. ಬ್ಯಾಟರಿ ಒಳಗಿಲ್ಲ, ಹೆದರ್ಬೇಡಿ" ಎಂದ. ಅವರು ಪಾಠ ಒಪ್ಪಿಸುವ ಮಗುವಿನ ಹಾಗೆ ತೋರಿಸಿದರು. ಗುಂಡಿ. ನ್ಯೂಟ್ರಲ್. ಏಸಿ. ಬೈರಾಸು. ತಾಳಮದ್ದಳೆ. ನ್ಯೂಟ್ರಲ್ ಎಂದಾಗ ಇರ್ಫಾನನ ಹುಬ್ಬು ಮೇಲೆ ಹೋದದ್ದನ್ನು ನಾನು ಕಂಡೆ. ಕಣ್ಣಲ್ಲೇ ಬೇಡ ಬೇಡ ಎಂದೆ.

"ಚಾಚಾ, ನೀವೇ ಮಾಡಿದ್ದು" ಎಂದ ಇರ್ಫಾನ್.

ನನಗೆ ಆತನ ಇಸ್ತ್ರಿ ಅಂಗಿಯ ಕಾಲರ್ ಹಿಡಿಯುವಷ್ಟು ಸಿಟ್ಟು ಬಂತು.

"ಈ ಗಾಡಿ ಪಾರ್ಕಿಂಗಲ್ಲಿದ್ರೆ, ಬ್ಯಾಟರಿ ಇಳಿದ ಹಾಗೆ ಇಂಜಿನ್ ತಾನೇ ಎದ್ದು ತುಂಬಿಸ್ತದೆ. ನ್ಯೂಟ್ರಲ್ ಹಾಕಿದ್ರಾ, ತುಂಬಿಸೂದಿಲ್ಲ. ತೆಗೀತದೆ ಅಷ್ಟೇ. ಏಸಿ ಎಲ್ಲಾ ಕುಡೀತು. ಬೈರಾಸಿನ ಅಡೀಲಿ ಕೆಂಪು ದೀಪ ಇತ್ತು, ಪೀಂ ಪೀಂ ಅಂತಿತ್ತು, ನೀವು ಭಾಗವತರ ಪದ ಕೇಳ್ತಿದ್ರಿ. ನಾನೂ ದುಬೈಲಿ ಹೊಸತಾಗಿ ಹೋದಾಗ ಇದೇ ನ್ಯೂಟ್ರಲ್ ಹಾಕಿ ಸೇಠ್ ಹತ್ರ ಬೈಸ್ಕೊಂಡಿದ್ದೆ. ಈಗ ಒಂದು ಮಾತು ಹೇಳಿ. ಗಾಡಿ ನಿಂತಾಗ ಟೀಚರಿಗೆ ಯಾವಾಗ ಹೇಳಿದ್ರಿ?"

"ಆವಾಗ್ಲೇ" ಎಂದರು ಮಾಸ್ತಪ್ಪಣ್ಣ. "ಸೀಟಿಂದ ಇಳೂಕೆ ಮುಂಚೆ. ಡ್ಯೂಟೀಲಿದ್ದಾಗ ಎಂತಾದ್ರೂ ಆದ್ರೆ ಮೊದ್ಲು ಡಿಪೋಕ್ಕೆ ಹೇಳ್ಬೇಕು."

ಇರ್ಫಾನ್ ಬಾಗಿ ಅವರ ಎರಡೂ ಕೈ ಹಿಡಿದುಕೊಂಡ. "ಅದಕ್ಕೇ ಇದು ಉಳೀತು. ಬರಿದಾದ ಬ್ಯಾಟರಿ ತಿಂಗಳುಗಟ್ಲೆ ಹಾಗೇ ಬಿದ್ದಿದ್ರೆ ನಾನಲ್ಲ, ನನ್ನ ಉಸ್ತಾದ್ ಬಂದ್ರೂ ಏಳೂದಿಲ್ಲ. ಎಲ್ಲರೂ ಮುಚ್ಚಿಡ್ತಾರೆ ಚಾಚಾ. ಯಜಮಾನ ಬರೋವರೆಗೆ ಬಾಯಿ ಬಿಡೂದಿಲ್ಲ. ನೀವು ಆವತ್ತೇ ಹೇಳಿದ್ರಿ. ಕೆಡಿಸಿದವ್ರೂ ನೀವೇ, ಉಳಿಸಿದವ್ರೂ ನೀವೇ. ನನ್ನ ಕೆಲಸ ನಡುವಿನದು."

ಆತ ಸುಳ್ಳು ಹೇಳಲಿ ಎಂದು ಬಯಸಿದ್ದ ನಾನು ಎಷ್ಟು ದಡ್ಡಿ! ವಯಸ್ಸಿನ ನೆಪ ಹೇಳಿದ್ದರೆ ಮಾಸ್ತಪ್ಪಣ್ಣ ನಂಬುತ್ತಿರಲಿಲ್ಲ, ತಾನೇನು ಮಾಡಿದೆ ಎಂದು ತಿಳಿಯದೆಯೇ ಕೊರಗುತ್ತಿದ್ದರು. ಅವರು ಬಹಳ ಹೊತ್ತು ಗೇರಿನ ಪುಟ್ಟ ಹಿಡಿಕೆಯನ್ನೇ ನೋಡಿದರು. ಆಮೇಲೆ ಕೆಲಸಗಾರನೊಬ್ಬ ಇನ್ನೊಬ್ಬ ಕೆಲಸಗಾರನನ್ನು ಕೇಳುವ ದನಿಯಲ್ಲಿ, "ಹಾಂಗಾದ್ರೆ ಇದ್ಕೆ ನ್ಯೂಟ್ರಲ್ ಎಂತಕೆ ಇಟ್ಟಿದ್ರು?" ಎಂದರು.

"ಕೆಟ್ಟು ನಿಂತಾಗ ದೂಡೂಕೆ."

ಮಾದೇವಿಯಕ್ಕ ಮೊದಲು ನಕ್ಕರು. ಆಮೇಲೆ ಮಾಸ್ತಪ್ಪಣ್ಣ. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ನಗು, ಕೆಮ್ಮು ಬರುವ ತನಕ ನಿಲ್ಲಲಿಲ್ಲ.

ಬ್ಯಾಟರಿ ಒಳಗೆ ಹೋಯಿತು. ಜೇಬಿನಿಂದ ಪ್ಲಗ್ ಹೊರಬಂದು ತನ್ನ ಜಾಗ ಸೇರಿತು. ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿ, ಒಂದು ಗಳಿಗೆ ಏನೂ ಇಲ್ಲದೆ, ಅನಂತರ ಇಂಜಿನ್ನು ತಾನಾಗಿ ಮೆಲ್ಲನೆ ಎದ್ದಿತು. ಸದ್ದಿಲ್ಲದ ಕಾರು ಎಂದು ಕೊಂಡವಳು ನಾನು. ಆವತ್ತು ಆ ಗುರುಗುಡುವ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು. ಆದರೂ ಮಾಸ್ತಪ್ಪಣ್ಣ ಸೀಟಿನಿಂದ ಇಳಿಯಲು ಹೊರಟರು. "ಆತು, ಗಾಡಿ ಎದ್ದಿತಲ್ಲ. ಹೊಡೂಕೆ ನಂಗೆ ಧೈರ್ಯ ಇಲ್ಲ" ಎಂದರು.

"ಅದೆಲ್ಲ ಆಗೂದಿಲ್ಲ ಚಾಚಾ" ಎಂದ ಇರ್ಫಾನ್. "ನಾನು ಭಟ್ಕಳಕ್ಕೆ ಹೋಗ್ಬೇಕು, ಗಾಡಿಗೆ ರೋಡ್ ಟೆಸ್ಟ್ ಆಗ್ಬೇಕು. ನಾನು ಹಿಂದೆ ಕೂತು ಮೀಟರ್ ನೋಡ್ಬೇಕು. ಟೀಚರ್ ಹೊಡೆದ್ರೆ ಮೀಟರ್ ಬಿಟ್ಟು ದೇವರನ್ನ ನೋಡ್ಬೇಕಾಗ್ತದೆ." ಇದಕ್ಕೆ ನಮ್ಮ ಮನೆಯವರು ತಲೆದೂಗಿದ್ದನ್ನು ನಾನು ಇನ್ನೂ ಮರೆತಿಲ್ಲ.

ಹೊರಟೆವು. ನಾನು ಮುಂದಿನ ಸೀಟಿನಲ್ಲಿ. ಮಾಸ್ತಪ್ಪಣ್ಣನ ಹೆಗಲು ಬಿಗಿದುಕೊಂಡಿತ್ತು, ಕುತ್ತಿಗೆಯಲ್ಲಿ ಬೆವರು. ಹೊನ್ನಾವರ ಕಳೆದು ಸೇತುವೆಯ ಮೇಲೆ ಹೋಗುವಾಗ ಇರ್ಫಾನ್ ಹಿಂದಿನಿಂದ ಎಡೆಬಿಡದೆ ಮಾತಾಡುತ್ತಿದ್ದ. ದುಬೈಯ ಬಿಸಿಲು, ಅರಬಿ ಸೇಠ್, ತನ್ನ ಪ್ರತಾಪ. ಕಾಸರಕೋಡು ದಾಟುವಾಗ ಮಾತಿನ ನಡುವೆ ತೆರಪು ಬಂತು. ಮಂಕಿಯ ಹತ್ತಿರ ಮಾತೇ ನಿಂತಿತು. ಏನಾಯಿತೆಂದು ತಿರುಗಿ ನೋಡಿದರೆ ಆತ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ವಾಲಿಸಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದ. ಪರೀಕ್ಷೆ ಮಾಡಲು ಬಂದವನು ಮಲಗಿದರೆ ಹೇಗೆ ಎಂದು ನಾನು ಎಬ್ಬಿಸಲು ಕೈ ಚಾಚಿದೆ.

"ಎಬ್ಬಿಸ್ಬೇಡಿ ಅಕ್ಕೋರೆ" ಎಂದರು ಮಾಸ್ತಪ್ಪಣ್ಣ, ಬಹಳ ಮೆಲ್ಲಗೆ. ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದರು. "ಗಾಡಿ ಬಗ್ಗೆ ಎಲ್ಲಾ ಗೊತ್ತಿದ್ದವ ಅಂವ. ನನ್ನ ಕೈಯಲ್ಲಿ ಹೆದ್ರಿಕೆ ಇದ್ರೆ ಅಂವ ನಿದ್ದೆ ಮಾಡ್ತಿದ್ನಾ? ಪ್ಯಾಸೆಂಜರ್ ಮಲಗಿದ್ರೆ ಡ್ರೈವರ್ ಪಾಸಾದ ಹಾಂಗೆ."

ಅವರ ಹೆಗಲು ಇಳಿದದ್ದು ಆಗ. ಅಲ್ಲಿಂದ ಮುಂದೆ ಒಂದೊಂದು ಉಬ್ಬನ್ನೂ ನೀರು ತುಂಬಿದ ಕೊಡ ಹೊತ್ತವರಂತೆ ದಾಟಿಸಿದರು. ಭಟ್ಕಳ ಬಂತು. ಇರ್ಫಾನನ ಮನೆಗೆ ಹೋಗುವ ತಿರುವು ಬಂತು. "ಇಲ್ಲೇ ಬಲಕ್ಕೆ ಮಾಸ್ತಪ್ಪಣ್ಣ" ಎಂದೆ. ಅವರು ತಿರುವನ್ನು ನೋಡಿದರು, ಕನ್ನಡಿಯನ್ನು ನೋಡಿದರು, ನೆಟ್ಟಗೆ ಮುಂದೆ ಹೋದರು.

"ಇನ್ನೊಂದು ಸುತ್ತು ಹೋಗಿ ಬರ್ವ ಅಕ್ಕೋರೆ" ಎಂದರು. "ಪಾಪ, ಮಲಗ್ಲಿ."